ಒರಗುಹಲಗೆ

ಆ ಭಾನುವಾರ ಬೆಳಿಗ್ಗೆ ಮರ ನುಣುಪು ಮಾಡುವ ಕೀಸುಳಿ ಅವನ ಮಾತು ಕೇಳುತ್ತಿತ್ತು. ಹಾಗಾಗುವುದು ಅಪರೂಪ. ಬೇರೆ ದಿನಗಳಲ್ಲಿ ಅದು ಹಲಗೆಯ ನಡುವೆ ಎಲ್ಲೋ ಹಲ್ಲು ಕಚ್ಚಿ ನಿಂತುಬಿಡುವುದು, ಇಲ್ಲವೇ ಮೇಲೆಮೇಲೆ ಜಾರಿ ಬರೀ ಪುಡಿ ಉದುರಿಸುವುದು. ಇವತ್ತು ಮಾತ್ರ ದೂಡಿದಷ್ಟು ದೂರವೂ ಒಂದೇ ಉಸಿರಿನಲ್ಲಿ ಹೋಗಿ, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿನ ಸುರುಳಿಯನ್ನು ಅವನ ಮಣಿಕಟ್ಟಿನ ಮೇಲೆ ಚೆಲ್ಲುತ್ತಿತ್ತು. ದೂರ ಎಂದರೆ ಎಷ್ಟು ದೂರ! ಬಾಲ್ಕನಿಯ ಒಂದು ಗೋಡೆಗೆ ಬೆನ್ನು ಒತ್ತಿ ನಿಂತು ದೂಡಿದರೆ ಬೆರಳ ಗೆಣ್ಣು ಎದುರು ಗೋಡೆಗೆ ತಾಗುತ್ತಿತ್ತು. ತಾಗಿ ತಾಗಿ ಅಲ್ಲಿ ಬಣ್ಣ ಎದ್ದುಹೋಗಿ ಸಣ್ಣದೊಂದು ಗುಳಿ ಬಿದ್ದಿತ್ತು, ಗೆಣ್ಣಿನ ಮೇಲೂ ಅಷ್ಟೇ ಅಗಲಕ್ಕೆ ದಡ್ಡು ಕಟ್ಟಿತ್ತು. ವಾಷಿಂಗ್ ಮಷೀನಿನ ಮೇಲೆ ದಪ್ಪನೆಯ ಪ್ಲೈವುಡ್ಡು ಹಾಕಿ, ಕ್ಲ್ಯಾಂಪು ಬಿಗಿದು, ಅದನ್ನೇ ಮೇಜು ಎಂದುಕೊಂಡಿದ್ದ. ಹೆಂಡತಿ ಒಗೆಯಲು ಬಟ್ಟೆ ಹಾಕಬೇಕೆಂದರೆ ಅವನು ಅಂಗಡಿ ಎತ್ತಬೇಕು. ಪುಡಿ ಹಾರಿ ಕೆಳಮನೆಯವರ ಬಾಲ್ಕನಿಗೆ ಬೀಳದಿರಲೆಂದು ಕಂಬಿಗಳಿಗೆ ಹಳೆಯ ಬೆಡ್‌ಶೀಟೊಂದನ್ನು ಒದ್ದೆ ಮಾಡಿ ಕಟ್ಟಿದ್ದ. ಇಷ್ಟೆಲ್ಲ ಏರ್ಪಾಡಿನ ನಡುವೆ ಅವನಿಗೆ ಉಳಿದದ್ದು ನಿಂತಲ್ಲೇ ತಿರುಗುವಷ್ಟು ಜಾಗ. ಆದರೂ ಆ ಒದ್ದೆ ಬಟ್ಟೆಯ ಮರೆಯಲ್ಲಿ, ಹಳೆಯ ಮರ ಕೊಯ್ದಾಗ ಏಳುವ ಹುಳಿ ಹುಳಿ ವಾಸನೆಯಲ್ಲಿ, ಅವನು ಮನೆಯಿಂದ ಬಹಳ ದೂರ ಇರುತ್ತಿದ್ದ. ಮನೆ ಬೆನ್ನ ಹಿಂದೆ, ಗಾಜಿನ ಬಾಗಿಲಿನಾಚೆ ಇತ್ತು. ಬಾಗಿಲಿಗೆ ತಾಗಿಯೇ ಅಣ್ಣನ ಮಂಚ.

"ಬೇಡ," ಅಂದ ಅಣ್ಣ ಒಳಗಿನಿಂದ.

ಲಕ್ವ ಹೊಡೆದ ಮೇಲೆ ಅಣ್ಣನಿಗೆ ಉಳಿದದ್ದು ಎಡಗೈ, ಎಡಗಾಲು ಮತ್ತು ಈ ಒಂದು ಮಾತು. ಮನೆ ಸುಟ್ಟುಹೋದಾಗ ಬೂದಿಯಲ್ಲಿ ಕೈಗೆ ಯಾವುದೋ ಒಂದು ಪಾತ್ರೆ ಸಿಗುತ್ತಲ್ಲ, ಹಾಗೆ ಇದು, ಅವರು ಆರಿಸಿಕೊಂಡದ್ದಲ್ಲ, ಎಂದು ಡಾಕ್ಟರು ವಿವರಿಸಿದ್ದರು. ನೀರು ಬೇಕಾದರೆ ಬೇಡ. ಫ್ಯಾನು ಹಾಕಬೇಕಾದರೆ ಬೇಡ. ಟೀವಿಯಲ್ಲಿ ಯಾರೋ ಬಿದ್ದು ಎದ್ದರೆ ನಗುತ್ತಾ ಬೇಡ ಬೇಡ ಬೇಡ. ಹೆಂಡತಿ ವಾರದೊಳಗೆ ಈ ಭಾಷೆ ಕಲಿತುಬಿಟ್ಟಳು. ಅಡುಗೆಮನೆಯಲ್ಲಿ ನಿಂತು, ಬೆನ್ನು ತಿರುಗಿಸಿಕೊಂಡೇ, "ಅದು ಬಚ್ಚಲಿಗೆ ಹೋಗೋ ಬೇಡ, ಬೇಗ ಬನ್ನಿ," ಅನ್ನುತ್ತಿದ್ದಳು. "ಅದು ಸುಮ್ನೆ ಬೇಜಾರಿನ ಬೇಡ ಕಣ್ರೀ, ಹೋಗಿ ಹತ್ರ ಕೂತ್ಕೊಳ್ಳಿ." ಅವನಿಗೆ ಎಲ್ಲವೂ ಒಂದೇ ತರಹ ಕೇಳಿಸುತ್ತಿತ್ತು. ಅಣ್ಣನ ಪಕ್ಕ ಕೂತರೆ ಅಣ್ಣ ಅವನ ಮುಖ ನೋಡುತ್ತಿದ್ದ, ಅವನು ಅಣ್ಣನ ಮುಖ ನೋಡುತ್ತಿದ್ದ, ಆಮೇಲೆ ಇಬ್ಬರೂ ಟೀವಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನು ಏನೋ ನೆನಪಾದವನಂತೆ ಎದ್ದು ಬಾಲ್ಕನಿಗೆ ಹೋಗಿ, ಉಳಿ ಮಸೆಯಲು ನಿಲ್ಲುತ್ತಿದ್ದ.

ಈ ಬೇಡವನ್ನು ಅವನು ಚಿಕ್ಕಂದಿನಿಂದಲೂ ಕೇಳಿದ್ದ. ಆಗ ಅದರ ಹಿಂದೆಮುಂದೆ ಬೇಕಾದಷ್ಟು ಮಾತುಗಳಿದ್ದವು. ಅಪ್ಪ ಹೋದಾಗ ಅಣ್ಣ ಬಸ್‌ಸ್ಟ್ಯಾಂಡಿನ ಕೊಠಡಿಯಲ್ಲಿ ಕೂತು ಮೈಕಿನಲ್ಲಿ ಬಸ್ಸು ಕೂಗುವ ಕೆಲಸಕ್ಕೆ ಸೇರಿದ್ದ. ಯಾವ ಬಸ್ಸು ಎಲ್ಲಿಗೆ, ಎಲ್ಲೆಲ್ಲಿ ನಿಲ್ಲುತ್ತದೆ, ಯಾವುದು ಕೆಟ್ಟುನಿಂತಿದೆ. ಊರಿನ ಅರ್ಧಕ್ಕೆ ಕೇಳುವ ದನಿ. ಆ ದನಿ ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಶಾಲೆಯ ಹಿಂದಿದ್ದ ಮರಗೆಲಸದ ಶೆಡ್ಡಿಗೆ ಸೇರುತ್ತೇನೆ ಎಂದು ಇವನು ಕೇಳಿದ ದಿನ ಅಣ್ಣ ತಟ್ಟೆಯಿಂದ ತಲೆಯೆತ್ತದೆ, "ಬೇಡ. ಮೈ ಮುರಿಯೋಕೆ ಮನೇಲಿ ನಾನೊಬ್ಬ ಸಾಕು, ನೀನು ಓದು," ಅಂದಿದ್ದ. ಇವನು ಓದಿದ. ಇವನ ಓದು ಮುಗಿಯಲಿ, ಆಮೇಲೆ ನೋಡೋಣ ಎಂದು ಅಣ್ಣ ಮುಂದೂಡುತ್ತಾ ಬಂದ ಮದುವೆ ಕೊನೆಗೆ ಆಗಲೇ ಇಲ್ಲ. ಋಣ ಎಂಬ ಮಾತನ್ನು ಇಬ್ಬರೂ ಯಾವತ್ತೂ ಆಡಿರಲಿಲ್ಲ. ಆಡದೆ ಉಳಿದದ್ದರಿಂದಲೇ ಏನೋ, ಅದು ಮನೆಯಲ್ಲಿ ಒಂದು ಬೀರುವಿನಂತೆ ನಿಂತುಬಿಟ್ಟಿತ್ತು, ಎಲ್ಲಿ ತಿರುಗಿದರೂ ಮೊಣಕೈಗೆ ತಗಲುತ್ತಿತ್ತು. ತಲೆಗೂದಲು ನರೆಯುವ ವಯಸ್ಸಿನಲ್ಲಿ ಅವನು ಮೊದಲ ಗರಗಸ ಕೊಂಡುತಂದದ್ದನ್ನು ಹೆಂಡತಿ ತಮಾಷೆ ಮಾಡಿದ್ದಳು, "ಬೇರೆ ಗಂಡಸರು ಈ ವಯಸ್ಸಿಗೆ ಇನ್ನೇನೋ ಬಚ್ಚಿಟ್ಕೊಂಡು ತರ್ತಾರೆ." ನಿಜಕ್ಕೂ ಅವನು ಅದನ್ನು ಛತ್ರಿಯ ಜೊತೆ ಸುತ್ತಿಕೊಂಡು ತಂದಿದ್ದ. ಮೊದಲು ಮಾಡಿದ್ದು ಮುಚ್ಚಳ ಕೂರದ ಒಂದು ಡಬ್ಬಿ. ಅವಳು ಮರ್ಯಾದೆಗೆಂದು ಅದರಲ್ಲಿ ಪಿನ್ನು ಹಾಕಿಟ್ಟಳು. ಆಮೇಲೆ ಡಬ್ಬಿಗಳ ಮೇಲೆ ಡಬ್ಬಿ ಬಂದವು, ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ, ಕಿಟಕಿಯ ಅಂಚಿಗೆ. "ಇನ್ನೊಂದು ಮಾಡಿದ್ರೆ ನಾವು ಡಬ್ಬಿ ಒಳಗೇ ಮಲಗ್ಬೇಕು ಅಷ್ಟೆ," ಅಂದಿದ್ದಳು. ಅಣ್ಣ ಬಂದು ನಡುಮನೆಯಲ್ಲಿ ಮಲಗಿದ ಮೇಲೆ ಅವಳು ಆ ತಮಾಷೆ ನಿಲ್ಲಿಸಿದಳು.

ಅಣ್ಣನಿಗೆ ಒರಗುಹಲಗೆ ಮಾಡುತ್ತೇನೆ ಎಂದು ಅವನು ಘೋಷಿಸಿದ್ದು ಆಗಲೇ. ಮಂಚದ ಮೇಲೆ ಇಡುವಂಥದ್ದು, ಹಿಂದೆ ಆನಿಸಿ ನಿಲ್ಲಿಸುವ ಊರುಗೋಲು, ಅದು ಕೂರಲು ಮೂರು ಕಚ್ಚು. ಯಾವ ಕಚ್ಚಿಗೆ ಸಿಕ್ಕಿಸಿದರೆ ಅಷ್ಟು ಓರೆಗೆ ನಿಲ್ಲುತ್ತದೆ. ದಿಂಬಿನ ರಾಶಿ ಜಾರಿಹೋಗುವ ಗೋಜಿಲ್ಲದೆ ಅಣ್ಣ ಕೂತು ಊಟ ಮಾಡಬಹುದು, ಹೊರಗೆ ನೋಡಬಹುದು. "ಅಂಗಡೀಲಿ ಸಿಗುತ್ತಲ್ರೀ, ನಾಳೆನೇ ತಂದ್ರೆ ನಾಳೆಯಿಂದಲೇ ಕೂತ್ಕೋತಾರೆ," ಅಂದಳು ಹೆಂಡತಿ. "ಅದು ಕಬ್ಬಿಣದ್ದು," ಅಂದ ಅವನು, ಅದೊಂದು ಉತ್ತರ ಎಂಬಂತೆ. ಹಿಂದಿನ ರಸ್ತೆಯಲ್ಲಿ ಕೆಡವುತ್ತಿದ್ದ ಮನೆಯೊಂದರಿಂದ ಕಿಟಕಿಯ ಚೌಕಟ್ಟು ಹೊತ್ತು ತಂದ. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲು ಹತ್ತಿಸಿದ. ಮೊಳೆ ಕಿತ್ತ, ಬಣ್ಣ ಕೆರೆದ. ಅಂದಿನಿಂದ ಬಾಲ್ಕನಿಗೆ ಹೋಗುವಾಗ ಕಾಲಿಗೆ ತೊಡರುತ್ತಿದ್ದ ಏನೋ ಒಂದು ಇಲ್ಲವಾಯಿತು. ಅಣ್ಣನಿಗೆ ಸ್ನಾನ ಮಾಡಿಸುವ ಹೊತ್ತಿಗೆ ಅವನು ಅಣ್ಣನಿಗಾಗಿಯೇ ಮರ ಕೀಸುತ್ತಿರುತ್ತಿದ್ದ. ಯಾರೂ ಏನೂ ಅನ್ನುವಂತಿರಲಿಲ್ಲ. ತಿಂಗಳುಗಳು ಕಳೆದವು. ಹಲಗೆ ನುಣುಪಾಗುತ್ತಾ ಹೋಯಿತು, ತೆಳ್ಳಗಾಗುತ್ತಾ ಹೋಯಿತು, ಮುಗಿಯಲಿಲ್ಲ.

"ಬೇಡ. ಬೇಡ."

ಹೆಂಡತಿ ತರಕಾರಿಗೆ ಹೋಗಿದ್ದಳು. ಹೋಗುವಾಗ, "ಒಂದು ಕಿವಿ ಆ ಕಡೆ ಇರ್ಲಿ," ಅಂದಿದ್ದಳು. ಅವನ ಒಂದು ಕಿವಿ ಆ ಕಡೆಯೇ ಇತ್ತು. ಅದು ಸದ್ದಿನ ಮೇಲಿನ ಸಿಟ್ಟಿನ ಬೇಡ ಎಂದು ಅವನಿಗೆ ಅನ್ನಿಸಿತು. ಅಥವಾ ಹಾಗೆ ಅನ್ನಿಸಲಿ ಎಂದುಕೊಂಡ. ಕೀಸುಳಿ ಆಡಿಸಿದಾಗಲೆಲ್ಲ ಅಣ್ಣ ಗೊಣಗುವುದು ಇದ್ದದ್ದೇ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಒಂದೇ ಸುರುಳಿ ಎಬ್ಬಿಸಬೇಕೆಂದು ಬೆಳಗಿನಿಂದ ಅವನ ಆಸೆ. ಹಾಗೆ ಎಬ್ಬಿಸಿದವರೊಬ್ಬರ ಕೈಯನ್ನು ಅವನು ಎಲ್ಲೋ ನೋಡಿದ್ದ, ಕೈಯೊಂದೇ ನೆನಪಿತ್ತು. "ಆಯ್ತಣ್ಣಾ, ಇದೊಂದ್ಸಲ," ಅಂದ ಬೆನ್ನು ತಿರುಗಿಸಿಕೊಂಡೇ. ಮಂಚ ಕಿರುಗುಟ್ಟಿತು. "ಬೇಡ, ಬೇಡ, ಬೇಡ." ಅವನು ಗೋಡೆಗೆ ಬೆನ್ನು ಒತ್ತಿ, ಉಸಿರು ಬಿಗಿಹಿಡಿದು, ದೂಡಿದ. ಸುರುಳಿ ಎದ್ದಿತು, ಏಳುತ್ತಲೇ ಹೋಯಿತು, ಬೆಳಕಿನಲ್ಲಿ ಅದರೊಳಗಿನ ಗೆರೆಗಳು ಒಂದೊಂದೂ ಕಂಡವು, ಇನ್ನು ಒಂದು ಗೇಣು, ಇನ್ನು ನಾಲ್ಕು ಬೆರಳು. ಹಿಂದೆ ಏನೋ ಸದ್ದಾಯಿತು. ದೊಡ್ಡ ಸದ್ದೇನೂ ಅಲ್ಲ, ಯಾರೋ ಭಾರದ ಚೀಲವೊಂದನ್ನು ನೆಲಕ್ಕೆ ಇಟ್ಟ ಹಾಗೆ. ಗೆಣ್ಣು ಎದುರು ಗೋಡೆಗೆ ತಾಗುವವರೆಗೂ ಅವನ ಕೈ ನಿಲ್ಲಲಿಲ್ಲ. ಸುರುಳಿ ಇಡಿಯಾಗಿ ಕಳಚಿ ಕಾಲಬಳಿ ಬಿತ್ತು. ಆಮೇಲೆ ಅವನು ಮಾಡಿದ್ದನ್ನು ಮುಂದೆ ಎಷ್ಟೋ ದಿನ, ಆಸ್ಪತ್ರೆಯ ಕೆಲಸದಲ್ಲಿ ಔಷಧಿ ಕೌಂಟರಿನ ಹಿಂದೆ ಕೂತಾಗ, ಹಲ್ಲುಜ್ಜುವಾಗ, ಅವನ ಕೈ ತಾನಾಗಿಯೇ ನೆನೆದುಕೊಳ್ಳುತ್ತಿತ್ತು: ಅಲಗು ಮೊಂಡಾಗದಿರಲೆಂದು ಅವನು ಕೀಸುಳಿಯನ್ನು ಪಕ್ಕಕ್ಕೆ ಮಲಗಿಸಿ, ಜೋಪಾನವಾಗಿ ಇಟ್ಟು, ಆಮೇಲೆ ತಿರುಗಿದ.

ಅಣ್ಣ ಮಂಚಕ್ಕೂ ಕುರ್ಚಿಗೂ ನಡುವೆ, ಮೈ ತಿರುಚಿಕೊಂಡು, ಕೆನ್ನೆ ನೆಲಕ್ಕೆ ಊರಿ ಬಿದ್ದಿದ್ದ. ಪಂಚೆ ಒದ್ದೆಯಾಗಿತ್ತು, ನೆಲದ ಮೇಲೂ ಹರಿದಿತ್ತು. ಮುಖ ಬಾಲ್ಕನಿಯ ಕಡೆಗಿತ್ತು. ಬಚ್ಚಲಿಗೆ ತಾನೇ ಹೋಗಲು ಎದ್ದವನು ಬಾಲ್ಕನಿಯ ಕಡೆ ಯಾಕೆ ತಿರುಗಿದ್ದ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಹೊಳೆಯಿತು: ತನ್ನ ಹತ್ತಿರ ಬರಲು. ಅಣ್ಣ ಅವನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿತ್ತು. ಆ ಒಂದು ಮಾತೂ ಹೊರಡಲಿಲ್ಲ.

ಹೆಂಡತಿ ಬಂದಾಗ ಅವನು ನೆಲ ಒರೆಸುತ್ತಿದ್ದ. ಅಣ್ಣನ ತಲೆಯ ಕೆಳಗೆ ದಿಂಬು ಇಟ್ಟಿದ್ದ. ಎತ್ತಲು ಹೋದಾಗ ಅಣ್ಣನ ಗಂಟಲಿನಿಂದ ಹೊರಟ ದನಿಗೆ ಹೆದರಿ ಕೈ ಬಿಟ್ಟಿದ್ದ. ಅವಳು ಚೀಲವನ್ನು ಬಾಗಿಲಲ್ಲೇ ಇಟ್ಟಳು.

"ಬಿದ್ದುಬಿಟ್ಟ," ಅಂದ ಅವನು.

"ಕರೀಲಿಲ್ವಾ?"

"ಇಲ್ಲ. ಕೇಳಿಸ್ಲಿಲ್ಲ."

ಅವಳು ಅಣ್ಣನ ಪಕ್ಕ ಕೂತು, ಕಾಲನ್ನು ಮುಟ್ಟದೆ ನೋಡುತ್ತಾ, ಅವನ ಕಡೆ ತಿರುಗದೆ, "ಕರೀಲಿಲ್ವೋ, ಕೇಳಿಸ್ಲಿಲ್ವೋ?" ಅಂದಳು.

"ಕರೀಲಿಲ್ಲ."

"ಭಾವಾ, ಕರೀಬಾರ್ದಾ ನೀವು? ಇವ್ರು ಇಲ್ಲೇ ಇದ್ರಲ್ಲ."

ಅಣ್ಣನ ಕಣ್ಣು ಅವಳಿಂದ ಇವನಿಗೆ ಬಂದು, ಇವನ ಮೇಲೆ ನಿಂತಿತು. ಇವನ ಕೈಯಲ್ಲಿದ್ದ ನೆಲ ಒರೆಸುವ ಬಟ್ಟೆಯಿಂದ ಹನಿ ಬೀಳುತ್ತಿತ್ತು.

"ಬೇಡ," ಅಂದ ಅಣ್ಣ.

ಆಸ್ಪತ್ರೆ ಅವನು ಕೆಲಸ ಮಾಡುವುದೇ. ಔಷಧಿ ಕೌಂಟರಿನ ಗಾಜಿನ ಹಿಂದೆ ಅವನು ಇಷ್ಟು ವರ್ಷ ಕಳೆದ ಕಟ್ಟಡ. ಗಾಜಿನ ಈಚೆ ನಿಂತಾಗ ಅದು ಅವನ ಗುರುತು ಹಿಡಿಯಲಿಲ್ಲ. ಮೂಳೆ ಡಾಕ್ಟರು ಅವನನ್ನು ಎರಡು ಸಲ ನೋಡಿ, "ನಿಮ್ಮನ್ನ ಎಲ್ಲೋ ನೋಡಿದೀನಲ್ಲ," ಅಂದರು. ಸೊಂಟದ ಹತ್ತಿರ ಮೂಳೆ ಮುರಿದಿದೆ. ಆಪರೇಷನ್ ಮಾಡಬೇಕು, ಆದರೆ ಈ ಹೃದಯ ಅದನ್ನು ತಾಳುವುದಿಲ್ಲ. ಮನೆಗೆ ಕರಕೊಂಡು ಹೋಗಿ, ಮಲಗಿಸಿಡಿ, ನೋವಿಗೆ ಮಾತ್ರೆ ಕೊಡಿ, ಬೆನ್ನು ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ಬದಲಾಯಿಸಿ. "ಕೂರಿಸ್ಬಹುದಾ?" ಎಂದು ಅವನು ಕೇಳಿದ. "ಕೂರಿಸೋದಾ? ಇಲ್ಲ, ಇಲ್ಲ. ಕೂರಿಸೋದನ್ನ ಇನ್ನು ಮರ್ತುಬಿಡಿ," ಅಂದರು ಡಾಕ್ಟರು, ಮುಂದಿನವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುತ್ತಾ. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ ಎಂದು ಹೆಂಡತಿಯ ಮುಖ ನೋಡಿ ಅವನಿಗೆ ತಿಳಿಯಿತು.

ಕೌಂಟರಿನ ಗಾಜಿಗೆ ಒಳಗೆ ಕೂತವನ ಮುಖದೆತ್ತರದಲ್ಲಿ ಒಂದು ದುಂಡನೆಯ ತೂತು. ಬಂದವರು ಬಾಗಿ ಅದರೊಳಕ್ಕೆ ಮಾತಾಡಬೇಕು. ಊಟಕ್ಕೆ ಮುಂಚೆಯೋ ಆಮೇಲೋ, ಅರ್ಧ ಮಾತ್ರೆಯೋ ಪೂರ್ತಿಯೋ, ಮಗುವಿಗೆ ಇನ್ನೂ ಜ್ವರ ಬಿಟ್ಟಿಲ್ಲ, ನಮ್ಮದು ಮೊದಲು ಕೊಡಿ ಸಾರ್ ಬಸ್ಸು ಹೋಗುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೆಲ್ಲ ಅವನ ಜೊತೆ ಮನೆಗೆ ಬರುತ್ತಿತ್ತು. ಬರಬರುತ್ತಾ ಅವನು ಕಲಿತ. ಕೈ ಕಪಾಟಿನಿಂದ ಕಪಾಟಿಗೆ ಹೋಗುತ್ತಿದ್ದರೆ ಕಿವಿಯೊಳಗೆ ಏನೋ ಒಂದು ಕದ ಮುಚ್ಚಿಕೊಳ್ಳುತ್ತಿತ್ತು. ಮಾತು ಕೇಳಿಸುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಎಲ್ಲರೂ ಹಾಗೇ ಎಂದು ಅವನು ತಿಳಿದಿದ್ದ. ಈಗ ಆ ಕದ ಕೆಟ್ಟುಹೋಗಿತ್ತು. ಪ್ರತಿಯೊಂದು ದನಿಯೂ ಒಳಗೆ ನುಗ್ಗುತ್ತಿತ್ತು, ಹೊರಗಿನ ಸಾಲಿನ ಕೊನೆಯಲ್ಲಿ ಯಾರೋ ಕೆಮ್ಮಿದರೂ ಅವನು ತಲೆಯೆತ್ತುತ್ತಿದ್ದ. ಬೆರಳಿಗೆ ಗೊತ್ತಿದ್ದ ಕಪಾಟುಗಳು ತಪ್ಪಿದವು. ಒಬ್ಬ ಮುದುಕಿಗೆ ಬೇರೆ ಪವರಿನ ಮಾತ್ರೆ ಕೊಟ್ಟ. ಅವಳು ಮಗಳನ್ನು ಕರೆದುಕೊಂಡು ವಾಪಸ್ಸು ಬಂದಳು. ಒಳಗಿನ ಕೋಣೆಯಿಂದ ಮೇಲಧಿಕಾರಿ ಎದ್ದು ಬಂದ, ಇವನಿಗಿಂತ ಎಷ್ಟೋ ಚಿಕ್ಕವನು. "ಏನ್ರೀ, ಎಲ್ಲಿದೆ ನಿಮ್ಮ ಜ್ಞಾನ? ಪ್ರಾಣ ಹೋಗಿದ್ರೆ?" ಸಾಲಿಗೆ ಸಾಲೇ ನೋಡುತ್ತಿತ್ತು. ಅವನಿಗೆ ಅವಮಾನಕ್ಕಿಂತ ಮೊದಲು ಒಂದು ಬಗೆಯ ನೆಮ್ಮದಿಯಾಯಿತು, ಕೊನೆಗೂ ಯಾರೋ ಬೈದರಲ್ಲ ಎಂದು. ಅದು ಬಸ್ಸು ಹತ್ತುವಷ್ಟರಲ್ಲಿ ಆರಿಹೋಯಿತು. ಬೈಗುಳ ಬೇರೆ ಯಾವುದಕ್ಕೋ ಸೇರಿದ್ದು, ಅದನ್ನು ಇದಕ್ಕೆ ಜಮಾ ಮಾಡಿಕೊಳ್ಳಲು ಆಗುವುದಿಲ್ಲ.

ಮನೆಯಲ್ಲಿ ಹೆಂಡತಿ ಅಣ್ಣನ ಮೈ ಒರೆಸುವುದು, ಪೌಡರು ಹಾಕುವುದು, ಕೆಳಗೆ ಪಾತ್ರೆ ಇಡುವುದು, ಗಂಜಿಯನ್ನು ಚಮಚ ಚಮಚವಾಗಿ ಬಾಯಿಯ ಎಡಮೂಲೆಗೆ ಹಾಕುವುದು, ಎಲ್ಲವನ್ನೂ ಮೊದಲಿನಂತೆಯೇ ಮಾಡುತ್ತಿದ್ದಳು. "ಕೊಡು, ನಾನು ಮಾಡ್ತೀನಿ," ಎಂದು ಅವನು ಹೋದರೆ, "ಇರ್ಲಿ, ನಂಗೆ ರೂಢಿ," ಅನ್ನುತ್ತಿದ್ದಳು. ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ಹಾಗಾಗಿ ಹಲಗೆ ಮುಗಿಸಿದ. ಕೂರುವ ಹಾಗೆಯೇ ಇಲ್ಲದವನಿಗೆ ಒರಗುಹಲಗೆ. ಕೆಲಸ ನಿಲ್ಲಿಸಲೂ ಆಗದೆ, ಬಾಲ್ಕನಿಯ ಬಾಗಿಲು ಪೂರ್ತಿ ತೆರೆದಿಟ್ಟು, ಕೀಸುಳಿಯನ್ನು ಮುಟ್ಟದೆ, ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದ. ಊರುಗೋಲನ್ನು ಕಚ್ಚುಗಳಿಗೆ ಕೂರಿಸಿ ನೋಡಿದ. ಎಲ್ಲೂ ಸಂದಿಯಿರಲಿಲ್ಲ. ಅವನು ಈವರೆಗೆ ಮಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿ ಬಂದಿತ್ತು, ಇದರಿಂದ ಅವನಿಗೆ ನಾಚಿಕೆಯಾಯಿತು. ಅಣ್ಣ ಮಲಗಿದಲ್ಲಿಂದ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿದೆಯೇ ಎಂದು ಇವನು ಹುಡುಕುತ್ತಿದ್ದ. ಸಿಟ್ಟಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಕಣ್ಣು ಬರೀ ಕಣ್ಣಾಗಿತ್ತು, ಬಾಗಿಲು ತೆರೆದಿದ್ದರಿಂದ ಬೆಳಕು ಜಾಸ್ತಿಯಾಗಿ ಸ್ವಲ್ಪ ಕಿರಿದಾಗಿತ್ತು.

ಕೆಳಮನೆಯ ಟ್ಯೂಷನ್ ಮೇಡಂ ಅಣ್ಣನನ್ನು ನೋಡಲೆಂದು ಬಂದದ್ದು ಒಂದು ಸಂಜೆ. ಆಕೆ ಮನೆಯಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಕೆ. ಕೀಸುಳಿಯ ಸದ್ದಿಗೆ ಒಂದೆರಡು ಸಲ ಮೇಲೆ ಬಂದು, ತೀರಾ ಮರ್ಯಾದೆಯಿಂದ ದೂರಿಹೋಗಿದ್ದಳು. ಈಗ ಕಿತ್ತಳೆ ಹಣ್ಣು ತಂದಿದ್ದಳು. ಅಣ್ಣನ ಕೈ ಹಿಡಿದು ಎರಡು ಮಾತಾಡಿದಳು, ಅಣ್ಣ ಬೇಡ ಅಂದ, ಆಕೆಯ ಕಣ್ಣು ತುಂಬಿತು. ಹೆಂಡತಿ ಒಲೆಯ ಮುಂದೆ ಚಹಾ ಸೋಸುತ್ತಿದ್ದಳು. ಅಡುಗೆಮನೆಯೂ ನಡುಮನೆಯೂ ಒಂದೇ ಆದ್ದರಿಂದ ಮಾತಿಗೆ ಯಾರೂ ದನಿ ಏರಿಸಬೇಕಾಗಿರಲಿಲ್ಲ.

"ಪಾಪ, ಅವತ್ತು ಎಷ್ಟು ಕೂಗಿದ್ರು," ಅಂದಳು ಮೇಡಂ. "ನಂಗೇನು ಗೊತ್ತು ಹೀಗಾಗುತ್ತೆ ಅಂತ. ಬೇಡ ಬೇಡ ಅಂತಿದ್ರು, ಮೇಲೆ ಇವರ ಸದ್ದು ನಡೀತಾನೇ ಇತ್ತು. ನಾನೇ ಮಕ್ಕಳಿಗೆ ಅಂದೆ, ನೋಡ್ರೋ, ಅವರ ಅಣ್ಣಂಗೂ ಈ ಸದ್ದು ಬೇಡವಂತೆ ಅಂತ. ಎಲ್ಲಾ ನಕ್ವಿ."

ಸೋಸುವ ಸದ್ದು ನಿಂತಿತು.

"ಎಷ್ಟು ಹೊತ್ತು ಕೂಗಿದ್ರು?" ಹೆಂಡತಿ ಕೇಳಿದಳು. ದನಿಯಲ್ಲಿ ಏನೂ ಇರಲಿಲ್ಲ, ಸಕ್ಕರೆ ಎಷ್ಟು ಎಂದು ಕೇಳಿದ ಹಾಗೆ.

"ಎಷ್ಟು ಅಂತ ಹೇಳ್ಲಿ... ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದೆ. ಅದನ್ನ ಬಿಡಿಸೋಷ್ಟು ಹೊತ್ತು." ಅಷ್ಟು ಹೇಳಿ ಮೇಡಂ ಇವನ ಮುಖ ನೋಡಿದಳು, ಹೆಂಡತಿಯ ಬೆನ್ನು ನೋಡಿದಳು. ಎಲ್ಲಿ ಕಾಲಿಟ್ಟೆ ಎಂದು ಆಕೆಗೆ ಅರ್ಧ ತಿಳಿದಿರಬೇಕು. ಚಹಾ ಬಿಸಿಯಿರುವಾಗಲೇ ಕುಡಿದು, ನಾಲಿಗೆ ಸುಟ್ಟುಕೊಂಡು, ಮಕ್ಕಳು ಬರುವ ಹೊತ್ತಾಯಿತು ಎಂದು ಎದ್ದಳು.

ಆಕೆ ಹೋದ ಮೇಲೆ ಅವನು ಕುರ್ಚಿಯಲ್ಲೇ ಕೂತಿದ್ದ. ಬೈಗುಳ ಬರಲಿ, ಈಗ ಬರಲಿ ಎಂದು ಮೈ ಗಟ್ಟಿ ಮಾಡಿಕೊಂಡಿದ್ದ. ಹೆಂಡತಿ ಲೋಟಗಳನ್ನು ತೊಳೆದಳು, ಬೋರಲು ಹಾಕಿದಳು, ಕೈ ಒರೆಸಿಕೊಂಡಳು.

"ಹಲಗೆ ಮುಗೀತಾ?"

"ಹ್ಞೂಂ."

"ತೋರ್ಸಿ."

ಅವನು ತಂದ. ಅವಳು ಅದರ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಸವರಿದಳು, ಮತ್ತೆ ಕೆಳಗಿನಿಂದ ಮೇಲಕ್ಕೆ. ಅಣ್ಣನ ಬೆನ್ನು ಒರೆಸುವಾಗಲೂ ಅವಳ ಕೈ ಹೀಗೆಯೇ ಹೋಗುತ್ತಿತ್ತು ಎಂಬುದನ್ನು ಅವನು ಗಮನಿಸಿದ, ಗಮನಿಸಬಾರದಿತ್ತು ಎಂದುಕೊಂಡ.

"ಚೆನ್ನಾಗಿ ಬಂದಿದೆ," ಅಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಚೆನ್ನಾಗಿ ಬಂದಿತ್ತು. "ನಾನು ತಂಗಿ ಮನೆಗೆ ಹೋಗ್ಬರ್ತೀನಿ."

"ಯಾವಾಗ?"

"ನಾಳೆ."

"ವಾಪಸ್ಸು?"

"ನೋಡೋಣ."

"ಯಾರಾದ್ರೂ ನರ್ಸಿಗೆ ಹೇಳ್ಲಾ? ನಮ್ಮ ಆಸ್ಪತ್ರೇಲೇ ಗೊತ್ತಿರೋರು ಇದಾರೆ."

"ನೀವಿದ್ದೀರಲ್ಲ," ಅಂದಳು. ಆಮೇಲೆ ಒಂದೊಂದಾಗಿ ಹೇಳಿದಳು, ಯಾವ ಬಟ್ಟೆ ಯಾವುದಕ್ಕೆ, ನೀರು ಎಷ್ಟು ಬೆಚ್ಚಗಿರಬೇಕು, ಪಾತ್ರೆಯನ್ನು ಹೇಗೆ ಜಾರಿಸಬೇಕು. ಅವನು ಪೆನ್ನು ಹುಡುಕಲು ಎದ್ದ. "ಬರ್ಕೊಳ್ಳೋದೇನು ಬಂತು," ಅಂದಳು ಅವಳು, "ಅವರೇ ಹೇಳ್ತಾರೆ."

ಮಾರನೆಯ ದಿನ ಅವಳು ಸಣ್ಣದೊಂದು ಚೀಲ ಹಿಡಿದು ಹೊರಟಾಗ ಅಣ್ಣ ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಬರ್ತೀನಿ ಭಾವಾ," ಅಂದಳು. ಲಿಫ್ಟು ಇಳಿದುಹೋಗುವ ಸದ್ದನ್ನು ಇಬ್ಬರೂ ಕೇಳಿದರು.

ಅವನು ಆಸ್ಪತ್ರೆಗೆ ರಜೆ ಹೇಳಿದ್ದ. ಬೆಳಗಿನ ಹೊತ್ತು ಹೇಗೋ ಕಳೆಯಿತು. ಗಂಜಿಯ ಅರ್ಧ ಅಣ್ಣನ ಕೊರಳಿಗೆ ಇಳಿಯಿತು, ಅರ್ಧ ಕೊರಳ ಮೇಲೆ. ಪಾತ್ರೆ ಇಡುವಾಗ ಅಣ್ಣ ಕಣ್ಣು ಮುಚ್ಚಿಕೊಂಡ. ಇವನೂ ಮುಚ್ಚಿಕೊಂಡ, ಅದರಿಂದ ಚಾದರವೂ ಹಾಳಾಯಿತು. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸುಗಳ ನಡುವೆ ನಡೆಯುತ್ತಿದ್ದ ಈ ಮೈಯನ್ನು ಅವನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ತೊಡೆ ತೋಳಿನಷ್ಟಾಗಿತ್ತು. ಚರ್ಮ ಎಳೆದರೆ ಎಳೆದಲ್ಲೇ ನಿಲ್ಲುತ್ತಿತ್ತು. ಮಧ್ಯಾಹ್ನದ ಬಿಸಿಲು ಬಾಲ್ಕನಿಯಿಂದ ಒಳಗೆ ಬಂದು, ವಾಷಿಂಗ್ ಮಷೀನಿನ ಮೇಲೆ ಸುಮ್ಮನೆ ಬಿದ್ದಿದ್ದ ಪ್ಲೈವುಡ್ಡನ್ನು ಕಾಯಿಸುತ್ತಿತ್ತು.

"ಬೇಡ."

ಅವನು ನೀರಿನ ಲೋಟ ತಂದ. ಅಣ್ಣ ತುಟಿ ಬಿಗಿದುಕೊಂಡ. ಫ್ಯಾನು ಜೋರು ಮಾಡಿದ. "ಬೇಡ." ಕಡಿಮೆ ಮಾಡಿದ. "ಬೇಡ." ಪರದೆ ಎಳೆದ, ಪರದೆ ಸರಿಸಿದ, ಪಾತ್ರೆ ತಂದು ತೋರಿಸಿದ, ಟೀವಿ ಹಚ್ಚಿದ, ಆರಿಸಿದ, ದಿಂಬು ಎತ್ತರಿಸಿದ. "ಏನಣ್ಣಾ, ಏನು ಬೇಕು? ಕೈಲಾದ್ರೂ ತೋರ್ಸು." ಅಣ್ಣನ ಎಡಗೈ ಎದ್ದು, ಗಾಳಿಯಲ್ಲಿ ಏನೋ ಹೇಳಿ, ಬಿತ್ತು. "ಬೇಡ, ಬೇಡ." ಈ ಸಲ ಅದರಲ್ಲಿ ಅಳುವಿತ್ತೇ? ಅವನು ಮೊಣಕಾಲೂರಿ ಕೂತು, ಕಿವಿಯನ್ನು ಅಣ್ಣನ ಬಾಯಿಗೆ ಹತ್ತಿರ ಹಿಡಿದ. ಉಸಿರು ಬಿಸಿಯಾಗಿ ತಾಗಿತು, ಮಾತೂ ತಾಗಿತು, ಮೊದಲಿನದೇ ಮಾತು. ಅವನಿಗೆ ಏನೂ ತಿಳಿಯಲಿಲ್ಲ. ಎಷ್ಟು ಹೊತ್ತು ಹೀಗೆ ಕಳೆಯಿತೋ, ಕೊನೆಗೆ ಅವನು ಹೆಂಡತಿಗೆ ಫೋನು ಮಾಡಿದ.

"ಏನು ಬೇಕೋ ಗೊತ್ತಾಗ್ತಿಲ್ಲ," ಅಂದ. ತನ್ನ ದನಿ ಕೌಂಟರಿನ ತೂತಿನಿಂದ ಬರುವ ದನಿಯ ಹಾಗಿದೆ ಎನ್ನಿಸಿತು.

"ಫೋನು ಅವರ ಬಾಯಿ ಹತ್ರ ಹಿಡೀರಿ."

ಹಿಡಿದ. "ಭಾವಾ, ಹೇಳಿ," ಅಂದಿತು ಫೋನು. ಅಣ್ಣನ ಮುಖದಲ್ಲಿ ಏನೋ ಸಡಿಲವಾಯಿತು.

"ಬೇಡ," ಅಂದ ಅಣ್ಣ.

"ಮಗ್ಗುಲು ಬದಲಾಯಿಸಿ," ಅಂದಳು ಅವಳು, ಕೂಡಲೇ. "ಬೆನ್ನು ಉರೀತಿದೆ ಅವರಿಗೆ. ಎಷ್ಟು ಹೊತ್ತಿಂದ ಹೇಳ್ತಿದಾರೆ?"

ಈಗ ತಾನೇ ಎಂದು ನಾಲಿಗೆಯ ತುದಿಗೆ ಬಂದಿತ್ತು. "ತುಂಬಾ ಹೊತ್ತಿಂದ," ಅಂದ.

ಆ ಕಡೆ ಯಾರೋ ನಗುವ ಸದ್ದು, ಪಾತ್ರೆ ಸದ್ದು, ಅವಳ ತಂಗಿಯ ಮನೆಯ ಮಧ್ಯಾಹ್ನ. "ತೋಳಿನ ಕೆಳಗೆ ಕೈ ಹಾಕಿ. ಸೊಂಟ ಹಿಡೀಬೇಡಿ. ಹೊದಿಕೆ ಸಮೇತ ಎಳ್ಕೊಳ್ಳಿ," ಅಂದಳು. ಫೋನು ಕಟ್ಟಾಯಿತು.

ತೋಳಿನ ಕೆಳಗೆ ಕೈ ಹಾಕಿ, ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದು, ಅವನು ಎಳೆದ. ಅಷ್ಟು ಬಡಕಲು ಮೈ ಇಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ದಿನಕ್ಕೆ ಎಷ್ಟೋ ಸಲ ಅವಳು ಒಬ್ಬಳೇ, ಅವನ ಅರ್ಧದಷ್ಟೂ ಇಲ್ಲದವಳು, ಗಾಜಿನ ಬಾಗಿಲಿನಾಚೆ ಇದನ್ನು ಎತ್ತುತ್ತಿದ್ದಳು. ಅರ್ಧ ತಿರುಗಿದಾಗ ಅಣ್ಣನ ಗಂಟಲಿನಿಂದ ಅವತ್ತಿನ ಆ ದನಿ ಹೊರಟಿತು. ಇವನು ನಿಂತುಬಿಟ್ಟ. ಮುಂದಕ್ಕೆ ತಳ್ಳಿದರೆ ಸೊಂಟ, ಹಿಂದಕ್ಕೆ ಬಿಟ್ಟರೆ ಬೆನ್ನು. ಬಾಗಿದಲ್ಲೇ ಬಾಗಿ, ಹಾಗೇ ಹಿಡಿದುಕೊಂಡ. ಅಣ್ಣನ ಎಡಗೈ ಅವನ ಅಂಗಿಯ ಕಾಲರನ್ನು ಹಿಡಿಯಿತು. ಮುಖ ಮುಖಕ್ಕೆ ತಾಗುವಷ್ಟು ಹತ್ತಿರವಿತ್ತು. ಇಷ್ಟು ದಿನ ಎಲ್ಲಿ ಇಡುವುದೆಂದು ತಿಳಿಯದೆ ಹೊತ್ತು ತಿರುಗಿದ್ದು ಈಗ ತಾನಾಗಿಯೇ ಬಾಯಿಗೆ ಬಂತು.

"ಅಣ್ಣಾ, ಅವತ್ತು ನಂಗೆ..."

"ಬೇಡ," ಅಂದ ಅಣ್ಣ.

ಹೇಳಬೇಡ ಎಂದೋ, ನಿನ್ನ ಮಾತು ನನಗೆ ಬೇಡ ಎಂದೋ, ನನಗೆ ಗೊತ್ತು ಬಿಡು ಎಂದೋ, ಬರೀ ನೋಯುತ್ತಿದೆ ಎಂದೋ. ಅವನು ಅಣ್ಣನ ಕಣ್ಣನ್ನು ನೋಡಿದ. ಫೋನು ಮಂಚದ ಅಂಚಿನಲ್ಲೇ ಇತ್ತು. ಇದನ್ನು ಹೆಂಡತಿಗೆ ಕೇಳಿಸಿ ಅರ್ಥ ಕೇಳಲು ಆಗುತ್ತಿರಲಿಲ್ಲ. ಇನ್ನು ಹಿಡಿಯಲಾರೆ ಎನ್ನಿಸಿದಾಗ, ಅವನು ಕಣ್ಣು ಮುಚ್ಚಿ ಉಳಿದರ್ಧವನ್ನು ತಳ್ಳಿದ. ಅಣ್ಣ ಕಿರುಚಿದ. ಆಮೇಲೆ ಮೈ ಮಗ್ಗುಲಿಗೆ ಕೂತಿತು, 'ಹಾ' ಎಂದು ಉದ್ದನೆಯ ಉಸಿರು ಬಿಟ್ಟಿತು. ಕಾಲರು ಹಿಡಿದ ಕೈ ಸಡಿಲವಾಯಿತು.

ಈಗ ಅಣ್ಣನ ಮುಖ ಗೋಡೆಯ ಕಡೆಗಿತ್ತು. ಬೆನ್ನ ಕೆಳಗೆ ಅಂಗೈಯಷ್ಟು ಅಗಲಕ್ಕೆ ಕೆಂಪಾಗಿ, ನಡುವೆ ಚರ್ಮ ಎದ್ದಿತ್ತು. ಅವನು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಅದರ ಸುತ್ತ ಒರೆಸಿದ. ದಡ್ಡುಗಟ್ಟಿದ ಗೆಣ್ಣು ತಾಗದಂತೆ ಬೆರಳನ್ನು ಹಿಂದಕ್ಕೆ ಬಾಗಿಸಿದ. ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಕೇಳಲು ಯಾರೂ ಇರಲಿಲ್ಲ. ಪೌಡರು ಹಾಕಿದ, ಅದು ಜಾಸ್ತಿಯಾಯಿತು. ಹೊದಿಸಿದ. ಅಣ್ಣನಿಗೆ ನಿದ್ದೆ ಬಂತೋ ಇಲ್ಲವೋ ಮುಖ ಕಾಣದೆ ಹೇಳುವಂತಿರಲಿಲ್ಲ. ಬಗ್ಗಿ ನೋಡಿದರೆ ಎಚ್ಚರವಾದೀತು ಎಂದು ಹೆದರಿಕೆ. ಅವನು ಮಂಚದ ಪಕ್ಕ ನೆಲದ ಮೇಲೆ ಕೂತ. ಬಿಸಿಲು ಸರಿಯಿತು. ಹೆಂಡತಿ ಇವತ್ತು ಬರುವುದಿಲ್ಲ, ನಾಳೆ ಬರುತ್ತಾಳೆಂದೂ ಹೇಳಿಲ್ಲ. ಚಹಾ ಮಾಡಿಕೊಳ್ಳೋಣವೆಂದರೆ ಒಲೆಯ ಸದ್ದಿನಲ್ಲಿ ಏನಾದರೂ ಕೇಳಿಸದೆ ಹೋದರೆ ಎನ್ನಿಸಿ, ಎದ್ದವನು ಮತ್ತೆ ಕೂತ.

"ಬೇಡ," ಅಂದ ಅಣ್ಣ, ಗೋಡೆಗೆ.

ಮಾತು ಮುಗಿಯುವ ಮೊದಲೇ ಅವನು ಎದ್ದು ನಿಂತಿದ್ದ. ಯಾವುದಕ್ಕೆ ಎಂದು ತಿಳಿಯದೆ, ಎರಡೂ ಕೈ ಮುಂದಕ್ಕೆ ಚಾಚಿಕೊಂಡು, ಹಾಗೇ ನಿಂತ.